ಲೀಗ್ ನಿಂತಾಗ: ವೃತ್ತಿಪರ ಕ್ರೀಡೆಯ ಸ್ಥಗಿತ ಮತ್ತು ಅಭಿಮಾನಿಗಳು

ವೇತನ ಅಥವಾ ಆದಾಯದ ಪಾಲಿನ ವಿಷಯದಲ್ಲಿ ಆಟಗಾರರೊಂದಿಗೆ ಮಾತು ಕುದುರದೆ ಹೋದಾಗ ಲೀಗಿನ ಮಾಲೀಕರು ಮೈದಾನದ ಬಾಗಿಲು ಹಾಕಿ ಆಟವನ್ನೇ ನಿಲ್ಲಿಸುವುದಕ್ಕೆ ಲಾಕೌಟ್ ಎನ್ನುತ್ತಾರೆ. ಆಡುವುದಿಲ್ಲವೆಂದು ಆಟಗಾರರೇ ಹೊರಗುಳಿದರೆ ಅದು ಮುಷ್ಕರ. ಕಾರ್ಖಾನೆಗಳಲ್ಲಿ ಇವೆರಡೂ ಹಳೆಯ ಸಂಗತಿ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2014ರಲ್ಲೂ 2020ರಲ್ಲೂ ಲಾಕೌಟ್ ಘೋಷಣೆಯಾದದ್ದು ಕನ್ನಡ ಓದುಗರಿಗೆ ನೆನಪಿರುತ್ತದೆ. ಕಾರ್ಖಾನೆಯ ಜಗಳದಲ್ಲಿ ಇರುವುದು ಎರಡು ಪಕ್ಷ, ಆಡಳಿತ ಮತ್ತು ಕಾರ್ಮಿಕ. ಕ್ರೀಡೆಯಲ್ಲಿ ಮೂರನೆಯದೊಂದಿದೆ. ಟಿಕೆಟ್ ಕೊಂಡು, ಕೇಬಲ್ಲಿಗೂ ಮೊಬೈಲ್ ಡೇಟಾಗೂ ದುಡ್ಡು ಕಟ್ಟಿ ಆಟ ನೋಡುವ ಅಭಿಮಾನಿ ಆ ಪಕ್ಷ. ಜಗಳ ನಡೆಯುವುದು ಅವನಿಂದ ಬಂದ ಹಣಕ್ಕಾಗಿ. ಮಾತುಕತೆಯ ಕೋಣೆಯಲ್ಲಿ ಮಾತ್ರ ಅವನಿಗೊಂದು ಕುರ್ಚಿ ಇರುವುದಿಲ್ಲ.

ಅಮೆರಿಕದ ಬಾಸ್ಕೆಟ್‌ಬಾಲ್, ಐಸ್ ಹಾಕಿ, ಬೇಸ್‌ಬಾಲ್ ಲೀಗ್‌ಗಳಲ್ಲಿ ಆಟಗಾರರ ಸಂಘ ಮತ್ತು ಮಾಲೀಕರ ನಡುವೆ ಸಾಮೂಹಿಕ ಒಪ್ಪಂದವಿರುತ್ತದೆ. ಅದರ ಅವಧಿ ಮುಗಿಯುವ ಹೊತ್ತಿಗೆ ಹೊಸದು ಕೈಗೂಡದಿದ್ದರೆ ಬಾಗಿಲು ಬೀಳುತ್ತದೆ. ಭಾರತದ ದೊಡ್ಡ ಲೀಗ್‌ಗಳಲ್ಲಿ ಅಂಥ ಏರ್ಪಾಡಿಲ್ಲ. ಕ್ರಿಕೆಟ್ ಆಡಳಿತಕ್ಕೆ ಲೋಧಾ ಸಮಿತಿ ಸೂಚಿಸಿದ ಸುಧಾರಣೆಗಳ ಫಲವಾಗಿ 2019ರಲ್ಲಿ ಹುಟ್ಟಿದ ಭಾರತೀಯ ಕ್ರಿಕೆಟಿಗರ ಸಂಸ್ಥೆಯಲ್ಲೂ ಇರುವವರು ನಿವೃತ್ತ ಆಟಗಾರರು. ಹಾಗಾಗಿ ಇಲ್ಲಿ ಲೀಗ್ ನಿಲ್ಲುವುದು ಬೇರೆ ಕಾರಣಗಳಿಂದ: ಪ್ರಸಾರ ಮತ್ತು ವಾಣಿಜ್ಯ ಹಕ್ಕಿನ ಕರಾರು ಮುಗಿದು, ಎರಡು ಫೆಡರೇಷನ್‌ಗಳು ಕಚ್ಚಾಡಿ, ಫಿಕ್ಸಿಂಗ್ ಬಯಲಾಗಿ, ಮೈದಾನ ಸಿಗದೆ, ಸಾಂಕ್ರಾಮಿಕ ಬಂದು. ಹಾಸನದಲ್ಲೋ ಅರಕಲಗೂಡಿನಲ್ಲೋ ಸಂಜೆ ಟಿವಿ ಹಚ್ಚುವವನಿಗೆ ಇವೆಲ್ಲದರ ಫಲ ಒಂದೇ. ಆಟವಿಲ್ಲ, ಯಾಕಿಲ್ಲವೆಂದು ಅವನಿಗೆ ಯಾರೂ ಹೇಳುವುದಿಲ್ಲ.

ಕರ್ನಾಟಕದಲ್ಲಿ ಲಾಕೌಟ್‌ಗೆ ಅತಿ ಹತ್ತಿರ ಬಂದ ಪ್ರಕರಣ ಇಂಡಿಯನ್ ಸೂಪರ್ ಲೀಗಿನದು (ಐಎಸ್‌ಎಲ್). ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2010ರಲ್ಲಿ ದೇಶದ ಫುಟ್‌ಬಾಲಿನ ವಾಣಿಜ್ಯ ಹಕ್ಕುಗಳನ್ನು 15 ವರ್ಷಕ್ಕೆ, 700 ಕೋಟಿ ರೂಪಾಯಿಗೆ ರಿಲಯನ್ಸ್ ಪಾಲುದಾರಿಕೆಯ ಕಂಪನಿಗೆ ಕೊಟ್ಟಿತ್ತು. ಅದೇ ಹಕ್ಕಿನ ಮೇಲೆ ಫುಟ್‌ಬಾಲ್ ಸ್ಪೋರ್ಟ್ಸ್ ಡೆವಲಪ್‌ಮೆಂಟ್ ಲಿಮಿಟೆಡ್ 2014ರಿಂದ ಲೀಗ್ ನಡೆಸುತ್ತ ಬಂತು. ಒಪ್ಪಂದ 2025ರ ಡಿಸೆಂಬರ್ 8ಕ್ಕೆ ಮುಗಿಯುವುದಿತ್ತು. ಫೆಡರೇಷನ್ನಿನ ಸಂವಿಧಾನದ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿದ್ದುದರಿಂದ ಹೊಸ ಕರಾರು ಮಾಡಿಕೊಳ್ಳಲು ಅಡ್ಡಿಯಿತ್ತು. ಋತುವಿನ ನಡುವೆಯೇ ಹಕ್ಕು ಕಳೆದುಕೊಳ್ಳುವ ಕಂಪನಿ ಲೀಗನ್ನು ಶುರು ಮಾಡುವುದಾದರೂ ಹೇಗೆ? ಜುಲೈ 11ರಂದು ಅದು 2025-26ರ ಋತುವನ್ನು ತಡೆಹಿಡಿದಿರುವುದಾಗಿ ಕ್ಲಬ್‌ಗಳಿಗೆ ತಿಳಿಸಿತು.

ಆಗಸ್ಟ್ ಮೊದಲ ವಾರ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರು ಹಾಗೂ ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುತ್ತಿರುವುದಾಗಿ ಪ್ರಕಟಿಸಿತು. ಯುವ ತಂಡಗಳು ಮತ್ತು ಫುಟ್‌ಬಾಲ್ ಶಾಲೆಗಳಿಗೆ ಇದು ತಟ್ಟುವುದಿಲ್ಲವೆಂದೂ ಹೇಳಿತು. ಚೆನ್ನೈಯಿನ್ ಎಫ್‌ಸಿ ಮತ್ತು ಒಡಿಶಾ ಎಫ್‌ಸಿ ಕೂಡ ಅದೇ ಹಾದಿ ಹಿಡಿದವು. ಇದು ಆಟಗಾರರೊಂದಿಗಿನ ವೇತನ ಜಗಳದಿಂದ ಬಂದದ್ದಲ್ಲ, ಆದರೂ ಪರಿಣಾಮದಲ್ಲಿ ಲಾಕೌಟೇ. ಕೆಲಸಕ್ಕೆ ಸಿದ್ಧರಿದ್ದವರಿಗೆ ಕೆಲಸವಿಲ್ಲ, ಸಂಬಳವಿಲ್ಲ. 'ಅವ್ರಿಗೇನಪ್ಪ, ಕೋಟಿ ಕೋಟಿ ಬರುತ್ತೆ' ಎನ್ನುವ ಮಾತು ಇಂಥ ಹೊತ್ತಿನಲ್ಲಿ ಜಗಲಿ ಕಟ್ಟೆಯಲ್ಲೂ ಟೀ ಅಂಗಡಿಯಲ್ಲೂ ಸುಲಭವಾಗಿ ಬರುತ್ತದೆ. ಅದು ನ್ಯಾಯದ ಮಾತಲ್ಲ. ಕೋಟಿ ಎಣಿಸುವವರು ತಂಡಕ್ಕೆ ನಾಲ್ಕಾರು ಮಂದಿ. ಮಿಕ್ಕವರು ಜೆರ್ಸಿ ಒಗೆದು ಜೋಡಿಸುವವರು, ಕಾಲು ನೀವುವ ಫಿಸಿಯೋಗಳು, ಹುಲ್ಲಿಗೆ ನೀರು ಬಿಡುವವರು, ಮೊದಲ ಕರಾರಿಗೆ ಈಗಷ್ಟೇ ಸಹಿ ಹಾಕಿದ ಹುಡುಗರು. ಆಟ ನಿಂತಾಗ ಮೊದಲು ಬರಿದಾಗುವುದು ಇವರ ಕೈ. ಯಾರ ಮೇಲೆ ಸಿಟ್ಟು ಮಾಡಬೇಕೆಂಬುದನ್ನು ತಿಳಿದು ಸಿಟ್ಟು ಮಾಡುವುದು ಅಭಿಮಾನಿಯ ಮೊದಲ ಹೊಣೆ.

ಬೆಂಗಳೂರು ಎಫ್‌ಸಿ 2013ರಲ್ಲಿ ಹುಟ್ಟಿದ ಕ್ಲಬ್. ಆಡಿದ ಮೊದಲ ವರ್ಷವೇ ಐ-ಲೀಗ್ ಗೆದ್ದಿತು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿತು, 2018-19ರಲ್ಲಿ ಐಎಸ್‌ಎಲ್ ಪ್ರಶಸ್ತಿ ಎತ್ತಿತು. ಅದರ ಜೊತೆಜೊತೆಗೇ ಬೆಳೆದದ್ದು 'ವೆಸ್ಟ್ ಬ್ಲಾಕ್ ಬ್ಲೂಸ್' ಎಂಬ ಅಭಿಮಾನಿ ಬಳಗ. ಪಂದ್ಯದ ತೊಂಬತ್ತು ನಿಮಿಷವೂ ನಿಂತೇ ಹಾಡುವ, ಬೇರೆ ಊರಿನ ಪಂದ್ಯಗಳಿಗೂ ಹೋಗುವ ಈ ಬಳಗದಂಥದ್ದು ಕರ್ನಾಟಕದ ಬೇರೆ ಯಾವ ಲೀಗ್ ತಂಡಕ್ಕೂ ಇಷ್ಟು ಗಟ್ಟಿಯಾಗಿ ಕೂಡಿಬಂದಿಲ್ಲ.

2025ರ ನವೆಂಬರ್ 7ರ ಗಡುವಿಗೆ ಐಎಸ್‌ಎಲ್ ವಾಣಿಜ್ಯ ಹಕ್ಕಿನ ಹೊಸ ಟೆಂಡರಿಗೆ ಒಂದೂ ಬಿಡ್ ಬರಲಿಲ್ಲ. ಡಿಸೆಂಬರಿನಲ್ಲಿ ಹಳೆಯ ಒಪ್ಪಂದವೂ ತೀರಿತು. 2026ರ ಜನವರಿಯ ಆರಂಭದಲ್ಲಿ ಸುನಿಲ್ ಚೆಟ್ರಿ, ಗುರ್‌ಪ್ರೀತ್ ಸಿಂಗ್ ಸಂಧು, ಸಂದೇಶ್ ಝಿಂಗಾನ್ ಮೊದಲಾದ ಆಟಗಾರರು ಸೇರಿ ಭಾರತದ ಫುಟ್‌ಬಾಲನ್ನು ಉಳಿಸಿಕೊಡಿ ಎಂದು ಫಿಫಾವನ್ನೇ ಕೇಳಿಕೊಂಡ ವಿಡಿಯೊ ಹೊರಬಂತು. ಕೆಲವೇ ದಿನಗಳಲ್ಲಿ ಕೇಂದ್ರ ಕ್ರೀಡಾ ಸಚಿವ ಮನ್ಸುಖ್ ಮಾಂಡವಿಯ ಅವರು ಲೀಗ್ ಫೆಬ್ರುವರಿ 14ರಂದು 14 ಕ್ಲಬ್‌ಗಳೊಂದಿಗೆ ಆರಂಭವಾಗುತ್ತದೆಂದು ಪ್ರಕಟಿಸಿದರು. ತವರಿನಲ್ಲೊಮ್ಮೆ ಹೊರಗೊಮ್ಮೆ ಆಡುವ ಎರಡು ಸುತ್ತಿನ ಬದಲು ಒಂದೇ ಸುತ್ತು, ಒಟ್ಟು 91 ಪಂದ್ಯ. ಋತು ಉಳಿಯಿತು, ಮೊಟಕಾಗಿ.

ಚೆಟ್ರಿಯವರ ವಿಡಿಯೊ ಮನವಿಗೆ ಹಿಂದಿನದೊಂದು ಉದಾಹರಣೆಯಿದೆ, ಅದು ನೇರವಾಗಿ ಅಭಿಮಾನಿಗಳನ್ನು ಕುರಿತದ್ದು. 2018ರ ಜೂನ್ 1ರಂದು ಮುಂಬೈಯಲ್ಲಿ ಭಾರತ ತಂಡ ಚೈನೀಸ್ ತೈಪೆ ಮೇಲೆ 5-0ರಿಂದ ಗೆದ್ದಿತು, ಚೆಟ್ರಿ ಹ್ಯಾಟ್ರಿಕ್ ಹೊಡೆದರು. ನೋಡಲು ಬಂದವರು 2,569 ಮಂದಿ. ಮರುದಿನ ಚೆಟ್ರಿ ಬೈಯಲಿಕ್ಕಾದರೂ ಬನ್ನಿ, ಟೀಕಿಸಲಿಕ್ಕಾದರೂ ಬನ್ನಿ, ಆದರೆ ಮೈದಾನಕ್ಕೆ ಬನ್ನಿ ಎಂಬರ್ಥದಲ್ಲಿ ಮಾತಾಡಿ ವಿಡಿಯೊ ಹಾಕಿದರು. ಜೂನ್ 4ರಂದು ಕೀನ್ಯಾ ವಿರುದ್ಧದ ಪಂದ್ಯ, ಅವರ ನೂರನೆಯ ಅಂತರರಾಷ್ಟ್ರೀಯ ಪಂದ್ಯ. ಸುರಿಯುವ ಮಳೆಯಲ್ಲೂ ಟಿಕೆಟ್‌ಗಳೆಲ್ಲ ಖಾಲಿಯಾಗಿದ್ದವು. ಈ ಮೂರು ದಿನಗಳ ನಡುವೆ ಬದಲಾದದ್ದು ತಂಡವಲ್ಲ, ಗ್ಯಾಲರಿ. 2025ರ ನವೆಂಬರಿನಲ್ಲಿ ಟೆಂಡರ್ ಪೆಟ್ಟಿಗೆ ಖಾಲಿ ಉಳಿದದ್ದಕ್ಕೆ ಕಾನೂನು, ಕರಾರು, ಹಣಕಾಸಿನ ಹಲವು ಕಾರಣಗಳಿವೆ. ಆದರೆ ನೋಡುಗರಿಲ್ಲದ ಆಟದ ಮೇಲೆ ಹಣ ಹೂಡಲು ಯಾರೂ ಬರುವುದಿಲ್ಲವೆಂಬ ಸತ್ಯವೂ ಅವುಗಳಲ್ಲಿ ಸೇರಿದೆ. ಐಪಿಎಲ್‌ನ 2023ರಿಂದ 2027ರವರೆಗಿನ ಮಾಧ್ಯಮ ಹಕ್ಕು 48,390 ಕೋಟಿ ರೂಪಾಯಿಗೆ ಹೋಯಿತು. ಅಷ್ಟು ಬೆಲೆ ಬಂದದ್ದು ನೋಡುವ ಕಣ್ಣುಗಳಿಂದ.

ಕ್ರಿಕೆಟಿನಲ್ಲಿ ಕರ್ನಾಟಕದ ಲೀಗ್ ಎರಡು ಸಲ ನಿಂತಿದೆ. ಕರ್ನಾಟಕ ಪ್ರೀಮಿಯರ್ ಲೀಗ್ 2009ರಲ್ಲಿ ಶುರುವಾಗಿ 2011ರವರೆಗೆ ನಡೆದು, ಎರಡು ವರ್ಷ ಬಿಡುವು ಪಡೆದು, 2014ರಲ್ಲಿ ಮತ್ತೆ ಕಣ್ಣು ಬಿಟ್ಟಿತು. ಆ ಬಿಡುವಿನ ಕಾಲದ ಬಹುಪಾಲು ರಾಜ್ಯ ಕ್ರಿಕೆಟ್ ಸಂಸ್ಥೆಗೆ ಅನಿಲ್ ಕುಂಬ್ಳೆ ಅಧ್ಯಕ್ಷರು, ಜಾವಗಲ್ ಶ್ರೀನಾಥ್ ಕಾರ್ಯದರ್ಶಿ. ಎರಡನೆಯ ಸ್ಥಗಿತ ಮಾತ್ರ ನೋವಿನದು. 2019ರಲ್ಲಿ ಬೆಂಗಳೂರು ಅಪರಾಧ ವಿಭಾಗದ ಪೊಲೀಸರು ಬೆಟ್ಟಿಂಗ್ ಮತ್ತು ಫಿಕ್ಸಿಂಗ್ ಆರೋಪದ ಮೇಲೆ ತಂಡವೊಂದರ ಮಾಲೀಕರನ್ನೂ ರಾಜ್ಯ ತಂಡದಲ್ಲಿ ಆಡಿದ್ದವರನ್ನೂ ಬಂಧಿಸಿದರು. ಆ ಹೆಸರಿನ ಲೀಗ್ ಮತ್ತೆ ನಡೆಯಲಿಲ್ಲ. 2022ರಲ್ಲಿ ಮಹಾರಾಜ ಟ್ರೋಫಿ ಎಂಬ ಹೊಸ ಹೆಸರಿನಲ್ಲಿ ಟೂರ್ನಿ ಬಂತು.

ಆ ಫಿಕ್ಸಿಂಗ್ ಪ್ರಕರಣದ ಒಂದು ತೀರ್ಪು ಅಭಿಮಾನಿಯ ಸ್ಥಾನಮಾನದ ಬಗ್ಗೆ ಬೇರೆ ಯಾವ ದಾಖಲೆಗಿಂತಲೂ ಸ್ಪಷ್ಟವಾಗಿ ಹೇಳುತ್ತದೆ. 2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಆರೋಪಿಗಳ ಮೇಲಿನ ವಂಚನೆ ಪ್ರಕರಣವನ್ನು ರದ್ದು ಮಾಡಿತು. ಫಿಕ್ಸಿಂಗ್ ಅಪ್ರಾಮಾಣಿಕತೆ, ಅಶಿಸ್ತು; ನೋಡಲು ಬಂದವರಿಗೆ ಮೋಸ ಹೋದೆವೆನ್ನಿಸಬಹುದು. ಆದರೆ ಅವರು ಟಿಕೆಟ್ ಕೊಂಡದ್ದು ತಾವಾಗಿಯೇ. ಆದ್ದರಿಂದ ಆಮಿಷವೊಡ್ಡಿ ಹಣ ಕೊಡಿಸಿದರು ಎನ್ನಲಾಗದು, ಭಾರತೀಯ ದಂಡ ಸಂಹಿತೆಯ 420ನೇ ವಿಧಿ ಅನ್ವಯಿಸದು, ಶಿಸ್ತುಕ್ರಮ ಕ್ರಿಕೆಟ್ ಮಂಡಳಿಯ ಕೆಲಸ ಎಂಬುದು ತೀರ್ಪಿನ ಸಾರ. ಕಾನೂನಿನ ಅಕ್ಷರಕ್ಕೆ ಇದು ಸರಿಯಿರಬಹುದು. ದುಡ್ಡು ಕೊಟ್ಟು ಸುಳ್ಳು ಪಂದ್ಯ ನೋಡಿದವನ ನಷ್ಟಕ್ಕೆ ಹೆಸರೇ ಇಲ್ಲವೆಂಬುದೂ ಅದರಿಂದಲೇ ಗೊತ್ತಾಗುತ್ತದೆ.

ಕೆಲವು ಲೀಗ್‌ಗಳು ಸತ್ತಾಗ ಅಳುವವರೂ ಇರಲಿಲ್ಲ. ಪ್ರೀಮಿಯರ್ ಬ್ಯಾಡ್ಮಿಂಟನ್ ಲೀಗಿನಲ್ಲಿ ಬೆಂಗಳೂರು ರ‍್ಯಾಪ್ಟರ್ಸ್ 2019ರಲ್ಲೂ 2020ರಲ್ಲೂ ಸತತವಾಗಿ ಗೆದ್ದಿತು. ಆಮೇಲೆ ಲೀಗೇ ನಡೆಯಲಿಲ್ಲ. ಎರಡು ಸಲದ ಚಾಂಪಿಯನ್ನರ ಊರಿನಲ್ಲಿ ಲೀಗ್ ಬೇಕೆಂದು ಒಂದು ಮೆರವಣಿಗೆಯೂ ಹೊರಡಲಿಲ್ಲ. ಹಾಕಿಯ ವರ್ಲ್ಡ್ ಸೀರೀಸ್ 2012ರಲ್ಲಿ ಎರಡು ಸಂಸ್ಥೆಗಳ ಅಧಿಕಾರದ ಜಗಳದ ನಡುವೆ ಒಂದೇ ಋತು ಕಂಡಿತು. ಅರ್ಜುನ್ ಹಾಲಪ್ಪ ನಾಯಕರಾಗಿದ್ದ ಕರ್ನಾಟಕ ಲಯನ್ಸ್ ಅದರೊಂದಿಗೇ ಮುಗಿಯಿತು. ಅದರ ಬದಲಿಗೆ ಬಂದ ಹಾಕಿ ಇಂಡಿಯಾ ಲೀಗ್ 2017ರ ನಂತರ ನಿಂತು, ಏಳು ವರ್ಷದ ಮೇಲೆ 2024ರ ಡಿಸೆಂಬರಿನಲ್ಲಿ ಮರಳಿತು. ಮರಳಿದಾಗಲೂ ಅದರಲ್ಲಿ ಕರ್ನಾಟಕದ ತಂಡವಿರಲಿಲ್ಲ. ವಾಲಿಬಾಲ್‌ನದು ಇನ್ನೊಂದು ಬಗೆ: 2019ರ ಪ್ರೊ ವಾಲಿಬಾಲ್ ಲೀಗ್ ಫೆಡರೇಷನ್ ಜೊತೆಗಿನ ವ್ಯಾಜ್ಯದಲ್ಲಿ ಒಂದೇ ಋತುವಿಗೆ ಕೊನೆಗೊಂಡರೂ 2022ರಲ್ಲಿ ಪ್ರೈಮ್ ವಾಲಿಬಾಲ್ ಲೀಗ್ ಆಗಿ ಎದ್ದು ನಿಂತಿತು, ಬೆಂಗಳೂರು ಟಾರ್ಪಿಡೋಸ್ ಅದರಲ್ಲಿ ಆಡುತ್ತಿದೆ.

ಹಾಕಿಯ ಮಾತಿಗೆ ಹಾಸನ ಜಿಲ್ಲೆಯ ಅರಕಲಗೂಡಿನ ಗಡಿಯಾಚೆ ನೋಡಬೇಕು. ತಾಲ್ಲೂಕಿಗೆ ತಾಗಿಕೊಂಡಿರುವ ಕೊಡಗಿನಲ್ಲಿ ಪಾಂಡಂಡ ಕುಟ್ಟಪ್ಪ 1997ರಲ್ಲಿ ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ನೂರಾರು ಮನೆತನಗಳ ತಂಡಗಳು ಬರುತ್ತವೆ. ಪ್ರತಿ ವರ್ಷ ಒಂದೊಂದು ಮನೆತನ ಅದರ ಹೊಣೆ ಹೊರುತ್ತದೆ. ಇದಕ್ಕೆ ಫ್ರಾಂಚೈಸಿ ಇಲ್ಲ, ಹಕ್ಕುಗಳ ಹರಾಜಿನ ಮೇಲೆ ಇದರ ಜೀವ ನಿಂತಿಲ್ಲ. ವೃತ್ತಿಪರ ಹಾಕಿ ಲೀಗ್ ಏಳು ವರ್ಷ ಮಲಗಿದ್ದ ಕಾಲದಲ್ಲೂ ಈ ಹಬ್ಬ ನಡೆದದ್ದಕ್ಕೆ ಕಾರಣ, ಇಲ್ಲಿ ನೋಡುವವರೂ ನಡೆಸುವವರೂ ಒಂದೇ ಜನ. ಕೋವಿಡ್‌ನಂಥದ್ದು ಬಂದಾಗ ಇದೂ ನಿಂತಿತು, ಮತ್ತೆ ಮನೆತನಗಳೇ ಎತ್ತಿ ನಿಲ್ಲಿಸಿದವು.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಅಭಿಮಾನಿಯ ಸ್ಥಿತಿ ಬೇರೆ. ಐಪಿಎಲ್, ಐಎಸ್‌ಎಲ್, ಪ್ರೊ ಕಬಡ್ಡಿ, ಯಾವುದರಲ್ಲೂ ಅವನ ಜಿಲ್ಲೆಯ ಹೆಸರಿಲ್ಲ. ಮಹಾರಾಜ ಟ್ರೋಫಿಯ ಆರು ತಂಡಗಳು ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ, ಶಿವಮೊಗ್ಗ, ಕಲಬುರಗಿಯವು. ಅವನ ತಂಡವಿರುವುದು ಬೆಂಗಳೂರಿನಲ್ಲಿ, ಹಾಸನದಿಂದ ಸುಮಾರು 185 ಕಿಲೋಮೀಟರ್ ದೂರ. 2017ರ ಮಾರ್ಚ್‌ನಲ್ಲಿ ಚನ್ನರಾಯಪಟ್ಟಣ, ಶ್ರವಣಬೆಳಗೊಳ, ಕುಣಿಗಲ್ ಮೇಲಿನ ರೈಲು ಮಾರ್ಗ ತೆರೆದ ಮೇಲೆ ದಾರಿ ಹಗುರವಾಗಿದೆ, ನಿಜ. ಹೊಳೆನರಸೀಪುರದವನಿಗೆ ಮೈಸೂರಿನ ಹಳೆಯ ರೈಲುಹಳಿ ಇದೆ. ಅರಕಲಗೂಡಿಗೆ ರೈಲೇ ಇಲ್ಲ, ಬಸ್ಸೇ ಗತಿ. ರಾತ್ರಿ ಹನ್ನೊಂದಕ್ಕೆ ಮುಗಿಯುವ ಪಂದ್ಯ ನೋಡಿ ಮೆಜೆಸ್ಟಿಕ್ಕಿಗೆ ಓಡಿ ಬಸ್ ಹಿಡಿದರೆ ಊರು ತಲುಪುವುದು ಬೆಳಗಿನ ಜಾವ. ಇಷ್ಟು ಖರ್ಚು ಮಾಡಿ ಬರುವವನನ್ನು ಲೀಗಿನ ಲೆಕ್ಕದಲ್ಲಿ ಬೆಂಗಳೂರು ಪೇಟೆಯವನೊಂದಿಗೆ ಸೇರಿಸಿ ಎಣಿಸುತ್ತಾರೆ. ಪಂದ್ಯ ಬೇರೆ ಊರಿಗೆ ಹೋದಾಗ ಅವನಿಗಾದ ನಷ್ಟವನ್ನು ಎಣಿಸುವವರಿಲ್ಲ.

ಹಾಗೆ ಹೋದದ್ದು ಹಲವು ಸಲ. 2017ರಲ್ಲಿ ಬೆಂಗಳೂರು ಬುಲ್ಸ್ ಕಬಡ್ಡಿ ತಂಡದ ತವರಿನ ಪಂದ್ಯಗಳು ನಡೆದದ್ದು ನಾಗಪುರದಲ್ಲಿ. 2021ರ ಡಿಸೆಂಬರಿನಿಂದ 2022ರ ಫೆಬ್ರುವರಿಯವರೆಗೆ ಪ್ರೊ ಕಬಡ್ಡಿಯ ಎಂಟನೇ ಋತು ಪೂರ್ತಿಯಾಗಿ ವೈಟ್‌ಫೀಲ್ಡಿನ ಹೋಟೆಲೊಂದರಲ್ಲಿ ನಡೆಯಿತು, ಕೋವಿಡ್ ಕಾರಣಕ್ಕೆ ಒಬ್ಬ ಪ್ರೇಕ್ಷಕನಿಗೂ ಪ್ರವೇಶವಿಲ್ಲದೆ. ನೆಲವೂ ಕನ್ನಡದ್ದು, ಆಟವೂ ನಮ್ಮದು, ನೋಡಿದ್ದು ಮಾತ್ರ ಪರದೆಯಲ್ಲಿ.

ಲೀಗ್ ನಿಂತ ತಿಂಗಳುಗಳಲ್ಲಿ ಈ ತಾಲ್ಲೂಕುಗಳಲ್ಲಿ ಆಟ ನಿಲ್ಲುವುದಿಲ್ಲ. ಗಣೇಶನ ಹಬ್ಬಕ್ಕೆ, ರಾಜ್ಯೋತ್ಸವಕ್ಕೆ, ಊರ ಜಾತ್ರೆಗೆ ಹೊನಲು-ಬೆಳಕಿನ ಕಬಡ್ಡಿ, ವಾಲಿಬಾಲ್ ಪಂದ್ಯಾವಳಿಗಳು ನಡೆಯುತ್ತವೆ; ಊರ ಹೆಸರಿಗೆ 'ಪ್ರೀಮಿಯರ್ ಲೀಗ್' ಸೇರಿಸಿಕೊಂಡ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಿಗಳು ಬ್ಯಾನರಿನ ಮೇಲೆ ಬರುತ್ತವೆ. ಚಂದಾ ಎತ್ತುವವನು, ಸುಣ್ಣದ ಗೆರೆ ಹಾಕುವವನು, ಮೈಕಿನಲ್ಲಿ ವೀಕ್ಷಕ ವಿವರಣೆ ಕೊಡುವವನು ಎಲ್ಲರೂ ಅಭಿಮಾನಿಗಳೇ. ಲೀಗ್ ಸ್ಥಗಿತದ ಚರ್ಚೆಯಲ್ಲಿ ಇವರ ಹೆಸರು ಬರುವುದಿಲ್ಲ. ಆದರೆ ದೊಡ್ಡ ಲೀಗಿನ ಆಟಗಾರ ಮೊದಲು ಮೈ ಮಣ್ಣು ಮಾಡಿಕೊಳ್ಳುವುದು ಇಂಥ ಅಂಗಳದಲ್ಲಿ, ಮೊದಲ ಚಪ್ಪಾಳೆ ಕೇಳುವುದು ಇಂಥವರಿಂದ.

ಅಭಿಮಾನಿಗಳ ಪ್ರತಿಕ್ರಿಯೆಗೆ ಶಕ್ತಿಯಿದೆಯೇ ಎಂಬ ಪ್ರಶ್ನೆಗೆ ಹೊರದೇಶಗಳ ಅನುಭವ ಎರಡು ತೆರನಾಗಿ ಉತ್ತರಿಸುತ್ತದೆ. 1994ರ ಆಗಸ್ಟ್ 12ರಂದು ಅಮೆರಿಕದ ಬೇಸ್‌ಬಾಲ್ ಆಟಗಾರರು ಮುಷ್ಕರ ಹೂಡಿದಾಗ ಆ ವರ್ಷದ ವರ್ಲ್ಡ್ ಸೀರೀಸ್ ರದ್ದಾಯಿತು. ಮರುವರ್ಷ ಆಟ ಶುರುವಾದಾಗ ನ್ಯೂಯಾರ್ಕಿನ ಶಿಯಾ ಸ್ಟೇಡಿಯಂನಲ್ಲಿ ಮೂವರು ಮೈದಾನಕ್ಕೆ ನುಗ್ಗಿ ಆಟಗಾರರತ್ತ ಡಾಲರ್ ನೋಟು ಎರಚಿದರು. ಅವರ ಅಂಗಿಯ ಮೇಲಿದ್ದ ಮಾತು 'ದುರಾಸೆ'. ಆ ಋತುವಿನಲ್ಲಿ ಪ್ರೇಕ್ಷಕರ ಸರಾಸರಿ ಸುಮಾರು ಐದನೇ ಒಂದರಷ್ಟು ಕುಸಿಯಿತು. ಐಸ್ ಹಾಕಿಯಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. 2004-05ರ ಲಾಕೌಟ್‌ನಲ್ಲಿ ಇಡೀ ಋತುವೇ, 1,230 ಪಂದ್ಯಗಳು, ರದ್ದಾದವು. ಬಾಗಿಲು ತೆರೆದ ಮರುವರ್ಷ ಪ್ರೇಕ್ಷಕರು ದಾಖಲೆ ಸಂಖ್ಯೆಯಲ್ಲಿ ಬಂದರು. 2012ರಲ್ಲಿ ಮಾಲೀಕರು ಮತ್ತೆ ಬಾಗಿಲು ಹಾಕಿದರು, ಆ ಋತು ತಂಡಕ್ಕೆ 48 ಪಂದ್ಯಗಳಿಗೆ ಇಳಿಯಿತು. ಎಷ್ಟು ನೋಯಿಸಿದರೂ ತಿರುಗಿ ಬರುತ್ತಾರೆಂಬ ಭರವಸೆಯನ್ನು ಅಭಿಮಾನಿಗಳು ಕೊಟ್ಟುಬಿಟ್ಟರೆ ಮುಂದಿನ ಲಾಕೌಟಿಗೆ ಮಾಲೀಕರ ಕೈ ಹಿಂಜರಿಯುವುದಿಲ್ಲ. ಅಭಿಮಾನಿಗಳ ಹೊಣೆ ಎಂದು ಹೇಳಬಹುದಾದದ್ದು ಹೆಚ್ಚಾಗಿ ಇಲ್ಲಿದೆ.

ಸಿಟ್ಟು ಸರಿಯಾದ ಕಡೆ ತಿರುಗಿದ ಉದಾಹರಣೆಗಳೂ ಇವೆ. ಯುರೋಪಿನ 12 ಶ್ರೀಮಂತ ಫುಟ್‌ಬಾಲ್ ಕ್ಲಬ್‌ಗಳು 2021ರ ಏಪ್ರಿಲ್ 18ರಂದು ತಮ್ಮದೇ 'ಸೂಪರ್ ಲೀಗ್' ಘೋಷಿಸಿದವು. ಎರಡು ದಿನಗಳ ಬಳಿಕ ಲಂಡನ್ನಿನಲ್ಲಿ ಚೆಲ್ಸಿಯ ಅಭಿಮಾನಿಗಳು ತಮ್ಮದೇ ಕ್ಲಬ್ಬಿನ ಮೈದಾನದ ಹೊರಗೆ ಬಸ್ಸು ತಡೆದು ನಿಂತರು. ಅಂದು ರಾತ್ರಿಯೊಳಗೆ ಇಂಗ್ಲೆಂಡಿನ ಆರೂ ಕ್ಲಬ್‌ಗಳು ಹಿಂದೆ ಸರಿದವು. ಜರ್ಮನಿಯಲ್ಲಿ ಲೀಗಿನ ಮಾಧ್ಯಮ ಆದಾಯದ ಪಾಲನ್ನು ಹೂಡಿಕೆದಾರರಿಗೆ ಮಾರುವ ಯೋಜನೆಯ ವಿರುದ್ಧ ಪ್ರೇಕ್ಷಕರು ವಾರಗಟ್ಟಲೆ ಟೆನಿಸ್ ಚೆಂಡುಗಳನ್ನು ಮೈದಾನಕ್ಕೆ ಎಸೆದು ಪಂದ್ಯಗಳನ್ನು ನಿಲ್ಲಿಸಿದರು, 2024ರ ಫೆಬ್ರುವರಿಯಲ್ಲಿ ಲೀಗ್ ಆ ಯೋಜನೆಯನ್ನು ಕೈಬಿಟ್ಟಿತು.

ಕರ್ನಾಟಕದ ಅಭಿಮಾನಿಗಳು ಒಟ್ಟಾಗಿ ಏನು ಮಾಡಬಲ್ಲರೆಂಬುದು 2025ರ ಮೇ ತಿಂಗಳಲ್ಲಿ ಕಂಡಿತು. ಗಡಿ ಸಂಘರ್ಷದಿಂದ ಮೇ 9ರಂದು ನಿಂತಿದ್ದ ಐಪಿಎಲ್ ಮೇ 17ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ ಮತ್ತೆ ಶುರುವಾಗಬೇಕಿತ್ತು. ಟೆಸ್ಟ್ ಕ್ರಿಕೆಟಿಗೆ ವಿದಾಯ ಹೇಳಿದ್ದ ವಿರಾಟ್ ಕೊಹ್ಲಿ ಅವರಿಗೆ ಗೌರವವಾಗಿ ಸಾವಿರಾರು ಜನ ಬಿಳಿ ಅಂಗಿ ತೊಟ್ಟು ಬಂದರು. ಯಾವ ಸಂಸ್ಥೆಯ ಆದೇಶವೂ ಇರಲಿಲ್ಲ. ಮಳೆಯಿಂದ ಒಂದು ಚೆಂಡೂ ಬೀಳಲಿಲ್ಲ.

ಅದಾದ ಮೂರು ವಾರದೊಳಗೆ, ಜೂನ್ 4ರಂದು, ಅದೇ ಕ್ರೀಡಾಂಗಣದ ಹೊರಗೆ ಬೆಂಗಳೂರಿನ ಐಪಿಎಲ್ ತಂಡ ಆರ್‌ಸಿಬಿಯ ವಿಜಯೋತ್ಸವದ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಹಾಸನ ಜಿಲ್ಲೆಯ ಯುವಕನೊಬ್ಬನೂ ಅವರಲ್ಲಿದ್ದ. ಸತ್ತವರನ್ನು ದೂರುವುದು ಅನ್ಯಾಯ. ಗೇಟು, ಪಾಸು, ಪೊಲೀಸ್ ಬಂದೋಬಸ್ತು, ಅನುಮತಿ ಎಲ್ಲವೂ ಏರ್ಪಡಿಸುವವರ ಕೆಲಸ. ನ್ಯಾಯಮೂರ್ತಿ ಜಾನ್ ಮೈಕಲ್ ಡಿ'ಕುನ್ಹಾ ಆಯೋಗವು ಆ ಕ್ರೀಡಾಂಗಣ ದೊಡ್ಡ ಜನಸಂದಣಿಗೆ ಸುರಕ್ಷಿತವಲ್ಲವೆಂದು ವರದಿ ಕೊಟ್ಟಿತು. ಆ ವರ್ಷದ ಮಹಾರಾಜ ಟ್ರೋಫಿ ಮೈಸೂರಿಗೆ ಹೋಯಿತು, ಮಹಿಳಾ ವಿಶ್ವಕಪ್ಪಿನ ಪಂದ್ಯಗಳು ನವಿ ಮುಂಬೈಗೆ. ಇದೂ ಒಂದು ಬಾಗಿಲು ಮುಚ್ಚುವಿಕೆಯೇ. ವ್ಯವಸ್ಥೆಯ ತಪ್ಪಿಗೆ ದಂಡ ತೆತ್ತವರು ಮೊದಲು ಆ ಹನ್ನೊಂದು ಮನೆಯವರು, ಆಮೇಲೆ ಉಳಿದ ಪ್ರೇಕ್ಷಕರು.

2025ರಲ್ಲೇ ಎರಡು ದೇಶಗಳು ಕ್ರೀಡಾಡಳಿತಕ್ಕೆ ಹೊಸ ಕಾನೂನು ಮಾಡಿದವು. ಬ್ರಿಟನ್ನಿನ ಫುಟ್‌ಬಾಲ್ ಆಡಳಿತ ಕಾಯ್ದೆ ಸ್ವತಂತ್ರ ನಿಯಂತ್ರಕನನ್ನು ನೇಮಿಸಿ, ಮುಖ್ಯ ವಿಷಯಗಳಲ್ಲಿ ಕ್ಲಬ್‌ಗಳು ಅಭಿಮಾನಿಗಳನ್ನು ಕೇಳಲೇಬೇಕೆಂದು ವಿಧಿಸಿತು. ಭಾರತದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಕ್ರೀಡಾ ಮಂಡಳಿ, ನ್ಯಾಯಮಂಡಳಿ, ಆಟಗಾರರ ಸಮಿತಿಗಳನ್ನು ತಂದಿತು, ಅದು ಒಳ್ಳೆಯ ಹೆಜ್ಜೆ. ಅದರಲ್ಲಿ ಪ್ರೇಕ್ಷಕನಿಗೆ ಸ್ಥಾನವಿಲ್ಲ. ತಂಡ ತವರು ಬಿಟ್ಟು ಹೋಗುವ ಮುನ್ನ, ಋತು ನಿಲ್ಲಿಸುವ ಮುನ್ನ ಅಭಿಮಾನಿ ಬಳಗಗಳಿಗೆ ಲಿಖಿತವಾಗಿ ಕಾರಣ ಕೊಡಬೇಕೆಂಬ ನಿಯಮ ಯಾವ ಭಾರತೀಯ ಲೀಗಿನಲ್ಲಾದರೂ ಬಂದರೆ ಅದರ ಪ್ರಯೋಜನ ವೆಸ್ಟ್ ಬ್ಲಾಕಿನಲ್ಲಿ ನಿಂತು ಹಾಡುವವರಿಗೆ ಎಷ್ಟೋ, ಚನ್ನರಾಯಪಟ್ಟಣದಿಂದ ರೈಲು ಹತ್ತಿ ಬರುವವರಿಗೂ ಅಷ್ಟೇ.